ಇವತ್ತಿನವರೆಗೆ ಒಂದೂ ಬಿದ್ದಿಲ್ಲ

೧೬ ಜುಲೈ ೧೯೯೮, ಗುರುವಾರ

ಮೊನ್ನೆ ಮಂಗಳವಾರ ಸಂಜೆ ನೀಲಗಗನ್ ಕಂಪನಿಯ ವಿಮಾನ ಕಲ್ಕತ್ತಾದಲ್ಲಿ ಇಳಿಯುವಾಗ ಬಿತ್ತು. ಒಳಗಿದ್ದವರು ಎಪ್ಪತ್ತೊಂದು ಜನ, ಉಳಿದವರು ನಾಲ್ಕೇ. ಇವತ್ತಿನ ಪತ್ರಿಕೆಯಲ್ಲಿ ಹೆಸರುಗಳ ಪಟ್ಟಿ ಹಾಕಿದ್ದಾರೆ. ಹದಿನೆಂಟನೆಯದು ಎಸ್. ಅಶ್ವಥ್, ಇಪ್ಪತ್ತೇಳು ವರ್ಷ. ನನ್ನ ಗಿರಾಕಿ. ಆ ಟಿಕೆಟ್ ಕೊಟ್ಟಿದ್ದು ನಾನು.

ಬರೆಯುವ ಅಭ್ಯಾಸ ನನಗಿಲ್ಲ. ಹೊಸ ವರ್ಷಕ್ಕೆ ಬಂದ ಡೈರಿ ಖಾಲಿ ಬಿದ್ದಿತ್ತು, ತೆಗೆದೆ. ಯಾರಾದರೂ ಮುಂದೆ ಕೇಳಿದರೆ ನಡೆದದ್ದು ನಡೆದ ಹಾಗೆ ನೆನಪಿರಬೇಕು.

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನನ್ನದು ಸಣ್ಣ ಟ್ರಾವೆಲ್ಸ್ ಅಂಗಡಿ. ಬೆಂಗಳೂರು, ಬೊಂಬಾಯಿ ಬಸ್ಸಿನ ಸೀಟು ಬುಕ್ ಮಾಡುವುದೇ ಹೆಚ್ಚು. ತಿಂಗಳಿಗೆ ಎಂಟೋ ಹತ್ತೋ ವಿಮಾನದ ಟಿಕೆಟ್. ಬೆಂಗಳೂರಿನ ಏಜೆಂಟರಿಗೆ ಫೋನ್ ಮಾಡಿದರೆ ಟಿಕೆಟ್ ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತದೆ. ಈ ಹುಡುಗ ಕರೂರು ಕೈಗಾರಿಕಾ ಪ್ರದೇಶದ ಒಂದು ಮಷಿನ್ ಕಾರ್ಖಾನೆಯಲ್ಲಿ ಫಿಟ್ಟರ್. ಕಲ್ಕತ್ತಾದ ಕಡೆ ಒಂದು ಪ್ರೆಸ್ ಯಂತ್ರ ಕೂರಿಸಲು ಕಳಿಸುತ್ತಿದ್ದರು. ಕಾರ್ಖಾನೆಯವರು ಜನತಾ ಏರ್‌ವೇಸ್‌ನಲ್ಲಿ ಟಿಕೆಟ್ ಹೇಳಿದ್ದರು, ತರಿಸಿದ್ದೆ. ಆರನೇ ತಾರೀಕು ಅದನ್ನು ಒಯ್ಯಲು ಬಂದ. ಜೊತೆಗೆ ಅವನ ಅಪ್ಪ, ಕಡರನಾಯಕನಹಳ್ಳಿಯ ಮುದುಕ.

ಹುಡುಗ ಸಹಿ ಹಾಕಿ ಟಿಕೆಟ್ ಜೇಬಿಗಿಡುತ್ತಿದ್ದ. ಮುದುಕ ಮುಂದೆ ಬಂದು, "ಸಾಹುಕಾರ್ರೆ, ನಮ್ಮ ಮನ್ಯಾಗ ಯಾರೂ ಹತ್ತಿದೋರಲ್ಲ. ಯಾವುದು ಬೀಳಂಗಿಲ್ಲ, ಅದನ್ನ ಕೊಡ್ರಿ" ಅಂದ.

ಹುಡುಗನಿಗೆ ನಾಚಿಕೆ. "ಅಪ್ಪಾ, ಸುಮ್ನಿರು" ಅಂದ.

ನಾನು ಹೇಳಿದ್ದು ಇಷ್ಟು: "ನೋಡ್ರಿ ಯಜಮಾನ್ರೆ, ಜನತಾದ್ದು ಒಂಬತ್ತು ಸಲ ಬಿದ್ದೈತೆ. ನೀಲಗಗನ್ ಶುರುವಾಗಿ ನಾಲ್ಕು ವರ್ಷ ಆತು, ಇವತ್ತಿನವರೆಗೆ ಒಂದೂ ಬಿದ್ದಿಲ್ಲ." ಮುದುಕ ಅದನ್ನೇ ಕೊಡಿ ಅಂದ. ಬೆಂಗಳೂರಿಗೆ ಫೋನ್ ಮಾಡಿ ಬದಲಾಯಿಸಿ ಕೊಟ್ಟೆ.

ಇದರಲ್ಲಿ ಸುಳ್ಳೇನಿದೆ? ಒಂದಕ್ಷರ ಸುಳ್ಳಿಲ್ಲ.

೧೮ ಜುಲೈ, ಶನಿವಾರ

ಬೆಂಗಳೂರಿನ ಏಜೆಂಟರು ಫೋನ್ ಮಾಡಿದ್ದರು. "ಕೊಟ್ಟೂರೇಶ್, ಯಾರು ಬಂದು ಏನು ಕೇಳಿದರೂ ಬಾಯಿ ಬಿಡಬೇಡಿ. ಪೇಪರಿನವರು ಬರ್ತಾರೆ, ವಕೀಲರು ಬರ್ತಾರೆ. ಏನೂ ಬರೆದು ಕೊಡಬೇಡಿ." ಸರಿ ಅಂದೆ.

ನಿನ್ನೆ ಕಡರನಾಯಕನಹಳ್ಳಿಯಲ್ಲಿ ಮಣ್ಣು ಮಾಡಿದರಂತೆ. ಪೆಟ್ಟಿಗೆ ತೆರೆಯಲು ಬಿಡಲಿಲ್ಲವಂತೆ. ಹೋಗೋಣವಾ ಅಂದುಕೊಂಡೆ, ವಾಣಿಶ್ರೀ ಬೇಡ ಅಂದಳು. "ನೀವ್ಯಾರು ಅಂತ ಹೋಗ್ತೀರಿ?" ನನ್ನ ಹೆಂಡತಿ ಹೇಳಿದ್ದು ನಿಜ. ಟಿಕೆಟ್ ಮಾರಿದವನು ಅಂತ ಹೋಗಲು ಬರುತ್ತದೆಯೆ?

೨೨ ಜುಲೈ, ಬುಧವಾರ

ಪಕ್ಕದ ಸ್ಟೇಷನರಿ ಅಂಗಡಿಯವರು ಗಿರಾಕಿಗಳಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಾರೆ. ನಾನು ನೋಡಿದರೆ ನಿಲ್ಲಿಸುತ್ತಾರೆ. ಪತ್ರಿಕೆಯೊಂದರಲ್ಲಿ ದಪ್ಪಕ್ಷರದಲ್ಲಿ "ಜನತಾಗಿಂತ ನೀಲಗಗನ್ ಏಳು ಪಟ್ಟು ಅಪಾಯ" ಅಂತ ಬಂದಿದೆ. ಜನ ಅದನ್ನು ಓದಿ ಅಂಗಡಿಯ ಮುಂದೆ ನಿಂತು ಮಾತಾಡುತ್ತಾರೆ.

ಏಳು ಪಟ್ಟು ಹೇಗಾಗುತ್ತದೆ? ಜನತಾ ಒಂಬತ್ತು, ನೀಲಗಗನ್ ಒಂದು. ಒಂಬತ್ತು ದೊಡ್ಡದೋ ಒಂದು ದೊಡ್ಡದೋ? ಈಗಲೂ ನನ್ನ ಮಾತೇ ಸರಿ.

೨೭ ಜುಲೈ, ಸೋಮವಾರ

ಮುದುಕ ಬಂದಿದ್ದ.

ಹನ್ನೊಂದು ಗಂಟೆ ಇರಬೇಕು. ಬಸ್ಸಿನ ಚಾರ್ಟ್ ಬರೆಯುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ನಿಂತಿದ್ದಾನೆ. ತಲೆ ಬೋಳಿಸಿದ್ದಾನೆ, ಅದಕ್ಕೇ ತಟ್ಟನೆ ಗುರುತು ಸಿಗಲಿಲ್ಲ.

"ನಾನು ಸಣ್ಣತಿಮ್ಮಪ್ಪ. ಅಶ್ವಥನ ಅಪ್ಪ."

"ಗೊತ್ತೈತೆ. ಕೂಡ್ರಿ."

ಬೆಂಚಿನ ತುದಿಗೆ ಕೂತ. ಬೈಯುತ್ತಾನೆ, ಅಳುತ್ತಾನೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದ ವಿಮಾನದ ಕ್ಯಾಲೆಂಡರ್ ನೋಡುತ್ತಾ ಬಹಳ ಹೊತ್ತು ಕೂತಿದ್ದ. ಇಬ್ಬರು ಗಿರಾಕಿಗಳು ಬಂದು ಸೀಟು ಬರೆಸಿ ಹೋದರು. ಆಮೇಲೆ ಕೇಳಿದ:

"ಮೊದ್ಲು ತೆಗ್ಸಿದ್ರಲ್ರಿ, ಆ ಇನ್ನೊಂದು ವಿಮಾನ. ಅವತ್ತು ಅದು ಹೋತಾ?"

"ಹೋತು."

"ನೆಟ್ಟಗೆ ಇಳೀತಾ?"

ಸುಳ್ಳು ಹೇಳಬಹುದಿತ್ತು. "ಅರ್ಧ ತಾಸು ಲೇಟಾಗಿ ಇಳೀತು" ಅಂದೆ.

"ಹೂಂ" ಅಂದು ಎದ್ದು ಹೋದ. ಟೀ ತರಿಸಿದ್ದೆ, ಮುಟ್ಟಲಿಲ್ಲ.

ಹೋದ ಮೇಲೆ ಆ ಕ್ಯಾಲೆಂಡರ್ ಕಿತ್ತು ಮೇಜಿನ ಒಳಗೆ ಹಾಕಿದೆ. ಬರುವವರು ಹೋಗುವವರು ಸುಮ್ಮನೆ ಅದನ್ನೇ ನೋಡುತ್ತಾರೆ.

೩ ಆಗಸ್ಟ್, ಸೋಮವಾರ

ಮುದುಕ ಇವತ್ತೂ ಬಂದಿದ್ದ. ಒಂದು ಗಂಟೆ ಕೂತ. ಒಂದೂ ಮಾತಿಲ್ಲ. ಅವನು ಕೂತಿದ್ದಾಗ ಫೋನಿನಲ್ಲಿ ನನಗೆ ಸರಿಯಾಗಿ ಮಾತಾಡಲು ಆಗುವುದಿಲ್ಲ. ಬೊಂಬಾಯಿ ಬಸ್ಸಿನ ಒಂದೇ ಸೀಟನ್ನು ಇಬ್ಬರಿಗೆ ಬರೆದೆ.

ಸಂಜೆ ಕಸ್ತೂರಮ್ಮ ಮೇಡಂ ಮನೆಗೆ ಹೋದೆ. ಬಿ.ಕಾಂ.ನಲ್ಲಿ ನನಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟವರು. ನಿವೃತ್ತಿಯಾಗಿ ಎರಡು ವರ್ಷವಾಯಿತು. ಆ ಪತ್ರಿಕೆಗೆ ಒಂದು ಕಾಗದ ಬರೆಯಬೇಕು, ನೀವು ಲೆಕ್ಕ ಹಾಕಿ ಕೊಡಿ ಅಂತ ಕೇಳಿದೆ. ಎಲ್ಲ ಹೇಳಿದೆ. ಮುದುಕ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಹೇಳಿದೆ.

"ಒಂಬತ್ತು ಅಂತೀಯ, ಒಂದು ಅಂತೀಯ. ಯಾವುದರಿಂದ ಭಾಗಿಸ್ದೆ?" ಅಂದರು.

"ಭಾಗಿಸೋದಾ?"

"ನಿಂದು ಬಸ್ಸಿನ ವ್ಯಾಪಾರ ಅಲ್ವೇನೋ? ಹರಿಹರಕ್ಕೆ ದಿನಕ್ಕೆ ನೂರು ಟ್ರಿಪ್ ಹೊಡೆಯೋ ಮಾಲೀಕ ಒಬ್ಬ. ದಿನಕ್ಕೆ ಎರಡು ಟ್ರಿಪ್ ಹೊಡೆಯೋನು ಇನ್ನೊಬ್ಬ. ನೂರು ಟ್ರಿಪ್‌ನೋನ ಬಸ್ಸು ವರ್ಷದಲ್ಲಿ ಮೂರು ಸಲ ಗುದ್ದಿದೆ. ಎರಡು ಟ್ರಿಪ್‌ನೋನದು ಗುದ್ದೇ ಇಲ್ಲ. ಯಾರ ಡ್ರೈವರುಗಳು ಚಲೋ?"

ಬೆರಳು ಮಡಿಸಿ ಟ್ರಿಪ್ ಲೆಕ್ಕ ಹಾಕತೊಡಗಿದೆ.

"ಎಷ್ಟು ಸಲ ಹಾರಿದವು ಅಂತ ತಗೊಂಡು ಬಾ. ಮೈಲಿ ಬ್ಯಾಡ. ಬೀಳೋದು ಹೆಚ್ಚಾಗಿ ಏರುವಾಗ, ಇಳಿಯುವಾಗ. ಅದಕ್ಕೇ ಹಾರಾಟ ಎಣಿಸು. ಆಮೇಲೆ ಕಾಗದ ಬರೆಯೋಣಂತೆ."

೯ ಆಗಸ್ಟ್, ಭಾನುವಾರ

ಇಡೀ ದಿನ ಎಣಿಸಿದೆ. ಕಂಪನಿಗಳು ಏಜೆಂಟರಿಗೆ ಕಳಿಸುವ ವೇಳಾಪಟ್ಟಿಯ ಪುಸ್ತಕಗಳು ಹನ್ನೊಂದು ವರ್ಷದ್ದು ಪೆಟ್ಟಿಗೆಯಲ್ಲಿದ್ದವು. ವಾರಕ್ಕೆ ಎಷ್ಟು, ದಿನಕ್ಕೆ ಎಷ್ಟು ಅಂತ ಗೆರೆ ಹಾಕಿಕೊಂಡು ಕೂತೆ. ಜನತಾದ್ದು ಈಗ ದಿನಕ್ಕೆ ಇನ್ನೂರಿಪ್ಪತ್ತು ಹಾರಾಟ. ನೀಲಗಗನ್‌ದು ಇಪ್ಪತ್ತು. ಅಪಘಾತಗಳ ಪಟ್ಟಿಯನ್ನು ಗ್ರಂಥಾಲಯದಲ್ಲಿ ಹಳೇ ಪತ್ರಿಕೆ ನೋಡಿ ಬರೆದುಕೊಂಡು ಬಂದಿದ್ದೆ. ಜನತಾದ ಒಂಬತ್ತರಲ್ಲಿ ಏಳು ಮೊದಲ ಇಪ್ಪತ್ತು ವರ್ಷದಲ್ಲೇ ಆಗಿವೆ. ನಾಲ್ಕು ಆಗಿದ್ದು ಬೆಟ್ಟದ ಊರುಗಳಲ್ಲಿ. ನೀಲಗಗನ್ ಬೆಟ್ಟದ ಊರಿಗೆ ಹೋಗುವುದೇ ಇಲ್ಲ. ನಾಲ್ಕು ದೊಡ್ಡ ಊರು ಮಾತ್ರ, ಉದ್ದನೆಯ ರನ್‌ವೇ, ಒಳ್ಳೆಯ ದೀಪ.

ಆ ಪುಸ್ತಕಗಳನ್ನೆಲ್ಲ ನಾನು ಹನ್ನೊಂದು ವರ್ಷದಿಂದ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ.

ವಾಣಿಶ್ರೀ ಊಟಕ್ಕೆ ಮೂರು ಸಲ ಕರೆದಳು. ಪುಸ್ತಕಗಳ ಮಧ್ಯೆ ಕೂತಿದ್ದು ನೋಡಿ, "ಪರೀಕ್ಷೆಗೆ ಓದೋವಾಗ ಹಿಂಗೆ ಓದಿದ್ರೆ ಬ್ಯಾಂಕಿನಾಗಿರ್ತಿದ್ರಿ" ಅಂದಳು. ನಗಿಸಲು ಹೇಳಿದ್ದು. ನಾನು ನಗಲಿಲ್ಲ ಅಂತ ಆಮೇಲೆ ಅವಳಿಗೆ ಬೇಜಾರಾಯಿತು.

೧೨ ಆಗಸ್ಟ್, ಬುಧವಾರ

ಮೇಡಂ ಜೊತೆ ಎರಡು ಗಂಟೆ ಕೂತಿದ್ದೆ. ಎಲ್ಲವನ್ನೂ ಬರೆದಿಡುತ್ತೇನೆ.

ನನ್ನ ಪುಸ್ತಕಗಳಿಗಿಂತ ಹಿಂದಿನ ವರ್ಷಗಳದ್ದನ್ನು ಮೇಡಂ ಅಂದಾಜು ಹಾಕಿದರು. ಜನತಾ ಮೂವತ್ತು ವರ್ಷದಲ್ಲಿ ಸುಮಾರು ಹದಿನೆಂಟು ಲಕ್ಷ ಸಲ ಹಾರಿದೆ. ಬಿದ್ದದ್ದು ಒಂಬತ್ತು ಸಲ. ಎರಡು ಲಕ್ಷ ಹಾರಾಟಕ್ಕೆ ಒಂದು. ನೀಲಗಗನ್ ನಾಲ್ಕು ವರ್ಷದಲ್ಲಿ ಹಾರಿದ್ದು ಇಪ್ಪತ್ತೊಂಬತ್ತು ಸಾವಿರ ಸಲ. ಬಿದ್ದದ್ದು ಒಂದು. ಭಾಗಿಸಿದರೆ ಪತ್ರಿಕೆಯವರು ಹೇಳಿದ ಏಳು ಪಟ್ಟೇ ಬರುತ್ತದೆ. ನನ್ನ ಮುಖ ನೋಡಿ ಮೇಡಂ, "ತಡಿ" ಅಂದರು. "ಒಂದೇ ಒಂದು ಅಪಘಾತದ ಮೇಲೆ ಏಳು ಪಟ್ಟು ಅನ್ನೋದು ಪೇಪರಿನವರ ಲೆಕ್ಕ. ನೀಲಗಗನ್ ಜನತಾದಷ್ಟೇ ಚಲೋ ಇತ್ತು ಅಂತ ಇಟ್ಕೋ. ಆದ್ರೂ ಇಷ್ಟು ಹಾರಾಟದಲ್ಲಿ ಒಂದು ಬೀಳೋ ಸಂಭವ ಏಳರಲ್ಲಿ ಒಂದು. ಅಪರೂಪ ಏನಲ್ಲ. ಕೆಟ್ಟ ಕಂಪನಿ ಅಂತ ಸಾಬೀತಾಗಂಗಿಲ್ಲ."

ನನಗೆ ಎಷ್ಟು ಸಮಾಧಾನವಾಯಿತೆಂದರೆ ಎದ್ದು ನಿಂತೆ. ಇದನ್ನೇ ಪತ್ರಿಕೆಗೆ ಬರೆಯುತ್ತೇನೆ ಅಂದೆ.

"ಬರಿ. ಹತ್ತು ವರ್ಷದ್ದನ್ನೂ ಬರಿ. ಈ ಹತ್ತು ವರ್ಷದಲ್ಲಿ ಜನತಾ ಎಂಟು ಲಕ್ಷ ಹಾರಾಟಕ್ಕೆ ಎರಡೇ ಸಲ ಬಿದ್ದಿರೋದು. ಆ ಲೆಕ್ಕ ಹಿಡಿದ್ರೆ ಏಳರಲ್ಲಿ ಒಂದು ಹೋಗಿ ಹದಿನಾಲ್ಕರಲ್ಲಿ ಒಂದಾಗ್ತದೆ."

"ಮೂವತ್ತು ವರ್ಷದ್ದು ಸಾಕಲ್ಲ ಮೇಡಂ?"

"ನಿನಗೆ ಬೇಕಾದ ವರ್ಷ ಆರಿಸ್ಕೊಂಡು ಲೆಕ್ಕ ಮಾಡೋ ಹಂಗಿದ್ರೆ ನನ್ನ ಹತ್ರ ಯಾಕ ಬಂದೆ?"

ಕೂತೆ. ಅವರು ಹಾಳೆಯ ಇನ್ನೊಂದು ಮಗ್ಗುಲು ತಿರುಗಿಸಿದರು.

"ಈಗ ಜುಲೈ ಆರನೇ ತಾರೀಕಿನ ಲೆಕ್ಕ ಮಾಡು. ಅವತ್ತು ಬಿದ್ದಿರಲಿಲ್ಲ. ಸೊನ್ನೆ. ನೀನು ಆ ಸೊನ್ನೆ ತೋರಿಸಿ ಟಿಕೆಟ್ ಬದಲಿ ಮಾಡ್ದೆ. ಜನತಾಗಿಂತ ಎರಡರಷ್ಟು ಕೆಟ್ಟ ಕಂಪನಿ ಇದ್ರೂ, ಇಪ್ಪತ್ತೊಂಬತ್ತು ಸಾವಿರ ಹಾರಾಟಕ್ಕೆ ನಾಲ್ಕರಲ್ಲಿ ಮೂರು ಸಲ ಸೊನ್ನೆನೇ ಕಾಣ್ತದೆ. ಎರಡರಷ್ಟು ಚಲೋ ಇದ್ರೂ ಸೊನ್ನೆನೇ ಕಾಣ್ತದೆ. ಹಂಗಾದ್ರೆ ಆ ಸೊನ್ನೆ ಏನು ಹೇಳ್ತು?"

"ಏನೂ ಹೇಳಲ್ಲ."

"ಏನೂ ಹೇಳಲ್ಲ" ಅಂದರು ಮೇಡಂ. ಸಿಟ್ಟಿನಿಂದಲ್ಲ. ಕ್ಲಾಸಿನಲ್ಲಿ ಉತ್ತರ ಸರಿಯಾದಾಗ ಹೇಳುತ್ತಿದ್ದ ಹಾಗೆಯೇ ಹೇಳಿದರು.

೧೩ ಆಗಸ್ಟ್, ಗುರುವಾರ

ಪತ್ರಿಕೆಗೆ ಕಾಗದ ಬರೆಯಲಿಲ್ಲ.

೨೦ ಆಗಸ್ಟ್, ಗುರುವಾರ

ಬಟ್ಟೆ ವ್ಯಾಪಾರಿಯೊಬ್ಬರು ಹೆಂಡತಿ ಜೊತೆ ದೆಹಲಿಗೆ ಹೋಗುವವರು ಬಂದಿದ್ದರು. ಯಾವ ಕಂಪನಿ ಭದ್ರ ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ತಮಾಷೆ ಅಂದುಕೊಂಡು ನಕ್ಕರು.

"ನಿಜವಾಗಿ ಗೊತ್ತಿಲ್ರಿ. ಎಲ್ಲಾ ಕಂಪನಿದೂ ಸೇರಿಸಿದ್ರೆ ಲಕ್ಷ ಎರಡು ಲಕ್ಷ ಸಲಕ್ಕೆ ಒಂದು ಬೀಳ್ತದೆ. ಇಲ್ಲಿಂದ ಬೆಂಗಳೂರಿಗೆ ರಸ್ತೆ ಮೇಲೆ ಹೋಗೋದಕ್ಕೇ ಹೆಚ್ಚು ಹೆದರಬೇಕು. ಅದರೊಳಗೆ ಇದು ಚಲೋ, ಅದು ಕೆಟ್ಟದ್ದು ಅಂತ ಹೇಳೋಕೆ ಹೊಸ ಕಂಪನಿಗಳು ಇನ್ನೂ ಅಷ್ಟು ಹಾರಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಬರ್ತೀವಿ ಅಂತ ಹೋದರು. ಬರುವುದಿಲ್ಲ. ವಾಣಿಶ್ರೀಗೆ ಹೇಳಿದಾಗ, "ಅಂಗಡಿ ಇಟ್ಕಂಡು ಗೊತ್ತಿಲ್ಲ ಅಂದ್ರೆ ಯಾರ್ ಬರ್ತಾರ?" ಅಂದಳು.

ಅದೇ ಮಾತು ಅವತ್ತು ನನ್ನ ತಲೆಯಲ್ಲೂ ಇತ್ತೇನೋ. ಅಶ್ವಥನ ಅಪ್ಪ ನನ್ನ ಮುಖ ನೋಡುತ್ತಿದ್ದ ರೀತಿ ನೆನಪಿದೆ. ಡಾಕ್ಟರ ಮುಂದೆ ನಿಂತ ಹಾಗೆ ನಿಂತಿದ್ದರು.

೩೧ ಆಗಸ್ಟ್, ಸೋಮವಾರ

ಪ್ರತಿ ಸೋಮವಾರ ಬಂದು ಕೂರುತ್ತಿದ್ದ ಸಣ್ಣತಿಮ್ಮಪ್ಪ ಇವತ್ತು ಬರಲಿಲ್ಲ. ಹೋದ ಸೋಮವಾರವೂ ಬಂದಿರಲಿಲ್ಲ. ಬರದಿದ್ದರೆ ಒಳ್ಳೆಯದು ಅಂತ ಎಷ್ಟು ಸಲ ಅಂದುಕೊಂಡಿದ್ದೆ. ಹನ್ನೊಂದರಿಂದ ಒಂದು ಗಂಟೆಯವರೆಗೆ ಬಾಗಿಲು ನೋಡಿದ್ದೇ ಆಯಿತು.

ಮಧ್ಯಾಹ್ನ ಅಂಗಡಿ ಮುಚ್ಚಿ ಕರೂರಿಗೆ ಹೋದೆ. ಕಾರ್ಖಾನೆಯ ಮ್ಯಾನೇಜರ್ ನಾಗಭೂಷಣ್ ಸಿಕ್ಕರು. ಒಳ್ಳೆಯ ಮನುಷ್ಯ. ಪರಿಹಾರದ ಕಾಗದಕ್ಕೆ ಸಹಿ ಹಾಕಿಸಲು ಆ ಮನೆಗೆ ಹೋಗಿ ಬಂದಿದ್ದರಂತೆ.

"ಸೊಸಿ ಮನೀಲಿಲ್ರಿ. ಸುಧಾ ಅಂತ. ತವರು ನಂದಿಗುಡಿ, ಮಗೂನ ಕರ್ಕಂಡು ಹೋಗ್ಯಾಳ. ಕಾರ್ಖಾನೆಯೋರು ಕೊಟ್ಟ ಟಿಕೆಟ್ ನೀವ್ಯಾಕ ಬದಲಿ ಮಾಡ್ಸಿದ್ರಿ ಅಂತ ಮಾವನ್ನ ಕೇಳಿದ್ಲಂತೆ. ಎಲ್ಲರ ಎದುರಿಗೆ. ಆ ಮನುಷ್ಯ ಒಂದೂ ಮಾತಾಡ್ಲಿಲ್ಲಂತೆ. ಈಗ ಯಾರ ಜತೆನೂ ಮಾತಿಲ್ಲ. ಉಣ್ಣು ಅಂದ್ರೆ ಉಣ್ತಾರ, ಇಲ್ಲಾಂದ್ರ ಇಲ್ಲ. ನಾಟಿ ಹೊತ್ತಿನಾಗೂ ಗದ್ದೀಗೆ ಕಾಲಿಡ್ಲಿಲ್ಲಂತೆ."

"ನನ್ನ ವಿಷಯ ಏನಾದ್ರೂ ಅಂದ್ರಾ?"

"ನಿಮ್ಮ ವಿಷಯ ಯಾರೂ ಏನೂ ಅನ್ಲಿಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಆರು ವಾರ ಪತ್ರಿಕೆಯವರ ಜೊತೆ, ಪಕ್ಕದ ಅಂಗಡಿಯವರ ಜೊತೆ ಮನಸ್ಸಿನಲ್ಲೇ ವಾದ ಮಾಡಿದ್ದೇನೆ. ಆ ಮನೆಯಲ್ಲಿ ನನ್ನನ್ನು ಯಾರೂ ಬೈದೇ ಇಲ್ಲ. ಬೈಯಬೇಕಾದ್ದನ್ನೆಲ್ಲ ಅವರವರೇ ಹಂಚಿಕೊಂಡಿದ್ದಾರೆ.

೬ ಸೆಪ್ಟೆಂಬರ್, ಭಾನುವಾರ

ನಂದಿಗುಡಿಗೆ ಹೋಗಿ ಬಂದೆ. ಹರಿಹರದಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಹತ್ತಾಗಿತ್ತು. ಮಠದ ಹತ್ತಿರ ಕೇಳಿದೆ, ಮನೆ ತೋರಿಸಿದರು.

ಸುಧಾಳ ತಾಯಿ ಕೆಂಚವ್ವ ಹೊರಗೆ ಅಕ್ಕಿ ಆರಿಸುತ್ತಿದ್ದರು. ಯಾರು ಅಂದರು. ದಾವಣಗೆರೆಯಿಂದ, ವಿಮಾನದ ಟಿಕೆಟ್ ಕೊಟ್ಟವನು ಅಂದೆ. ಮೊರ ಕೆಳಗಿಟ್ಟು ಒಳಗೆ ಹೋದರು. ಸುಧಾ ಬಂದಳು. ಇಪ್ಪತ್ತಮೂರೋ ನಾಲ್ಕೋ ಇರಬೇಕು. ಎರಡು ವರ್ಷದ ಹೆಣ್ಣುಮಗು ಸೀರೆ ಹಿಡಿದುಕೊಂಡು ಹಿಂದೆಯೇ ಬಂತು.

ನಿಂತೇ ಹೇಳಿದೆ. ನಿಮ್ಮ ಮಾವ ಕೇಳಿದರು, ನಾನು ಹೀಗೆ ಹೇಳಿದೆ, ಆ ಮಾತು ಸುಳ್ಳಲ್ಲ, ಆದರೆ ಅದಕ್ಕೆ ಅರ್ಥವಿರಲಿಲ್ಲ, ನನಗೆ ಏನೂ ಗೊತ್ತಿರಲಿಲ್ಲ. ಹದಿನೆಂಟು ಲಕ್ಷ, ಇಪ್ಪತ್ತೊಂಬತ್ತು ಸಾವಿರ ಎಲ್ಲ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

"ಆ ಹೊಸ ಕಂಪನಿಯೋರು ಕಮಿಷನ್ ಜಾಸ್ತಿ ಕೊಡ್ತಿದ್ರಾ ನಿಮಗೆ?"

"ಇಲ್ಲ. ಎರಡೂ ಒಂದೇ."

"ಮತ್ಯಾಕ ಹೇಳಿದ್ರಿ?"

"ಗೊತ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಗೊತ್ತಿರೋರ ಹಂಗೆ ಕಾಣಬೇಕಿತ್ತು."

"ಇಷ್ಟೇನಾ?"

"ಇಷ್ಟೇ."

ಅವಳು ಕಂಬ ಹಿಡಿದುಕೊಂಡು ಕೂತಳು. ಕಮಿಷನ್‌ಗಾಗಿ ಅಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ. ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು. ಆಮೇಲೆ ಹೇಳಿದಳು:

"ಅವತ್ತು ಮಾವ ಮನೀಗೆ ಬಂದು ಚಪ್ಪಲಿ ಬಿಡೋಕ ಮುಂಚೆನೇ ಹೇಳಿದ್ರು. 'ಸುಧಾ, ಬೀಳದಿರೋ ವಿಮಾನ ಕೊಡ್ಸಿ ಬಂದೀನವ್ವ' ಅಂತ. ಅಷ್ಟು ಖುಷಿಯಾಗಿದ್ರು. ಇವರು ನಗ್ತಿದ್ರು. ನಾನೂ ನಕ್ಕೆ. ಆಮೇಲೆ ಅದೇ ಮಾತು ಹಿಡ್ದು ಅವರ್ನ ಅಂದೆ. ಹೆಣ ಮನೀಗೆ ಬರೋಕ ಮುಂಚೆ ಅಂದೆ."

ಮಗು ನನ್ನ ಚೀಲ ಮುಟ್ಟಿ ನೋಡುತ್ತಿತ್ತು. ಕೆಂಚವ್ವ ಬಂದು ಎತ್ತಿಕೊಂಡು ಹೋದರು.

"ಇದನ್ನ ನನಗೆ ಹೇಳಿದ್ರೆ ಏನ್ ಬಂತು?" ಅಂದಳು ಸುಧಾ. "ಮಾವನಿಗೆ ಹೇಳ್ರಿ. ಬಾಯಿಮಾತಲ್ಲ, ಬರ್ಕಂಡು ಬಂದು ಓದ್ರಿ, ಆ ಕಾಗದ ಅಲ್ಲೇ ಕೊಟ್ಟು ಹೋಗ್ರಿ. ನಾಳೆ ನೀವು, 'ನಾನು ಅಂದೇ ಇಲ್ಲ' ಅನ್ನಬಾರದು. ಬರೋ ಭಾನುವಾರ ಅವರ ಊರಿಗೆ ಬರ್ರಿ. ನಾನೂ ಬರ್ತೀನಿ. ನೀವು ಓದೋದು ನಾನು ಕೇಳಬೇಕು."

ಅಶ್ವಥ್ ಅಂಗಡಿಯಲ್ಲಿ ಸಹಿ ಹಾಕುವಾಗ ನನ್ನ ಪೆನ್ನು ಬರೆಯಲಿಲ್ಲ, ಅವನದೇ ಪೆನ್ನು ತೆಗೆದಿದ್ದ. ಇವತ್ತು ಬಸ್ಸಿನಲ್ಲಿ ಯಾಕೋ ನೆನಪಾಯಿತು. ಎಡಗೈಯಲ್ಲಿ ಬರೆಯುತ್ತಿದ್ದ.

೯ ಸೆಪ್ಟೆಂಬರ್, ಬುಧವಾರ

ಕಾಗದ ಬರೆದೆ. ನಾಲ್ಕು ಸಲ ಹರಿದು ಹಾಕಿದೆ. ಮೊದಲನೆಯದರಲ್ಲಿ "ಆದಾಗ್ಯೂ" ಅಂತ ಮೂರು ಕಡೆ ಇತ್ತು. ಮೇಡಂಗೆ ತೋರಿಸಿದೆ. ಅವರು ಲೆಕ್ಕದ ಭಾಗ ಮಾತ್ರ ನೋಡಿ ಸರಿ ಇದೆ ಅಂದರು. ಉಳಿದದ್ದು ನಿನ್ನದು, ನಾನು ತಿದ್ದಲ್ಲ ಅಂದರು.

ಹೇಳದೆ ಮಾಡುವುದು ಬೇಡ ಅಂತ ಬೆಂಗಳೂರಿನ ಏಜೆಂಟರಿಗೆ ಫೋನ್ ಮಾಡಿದೆ. ಅವರು ಕೂಗಾಡಲಿಲ್ಲ. "ಆ ಕಾಗದ ನಾಳೆ ಯಾವ ಕೋರ್ಟಿಗೆ ಹೋಗುತ್ತೆ ಗೊತ್ತಾ? ಸಹಿ ಹಾಕಿ ಕೊಟ್ಟರೆ ಇನ್ನು ಮುಂದೆ ನಮ್ಮ ಹತ್ತಿರ ವಿಮಾನದ ಟಿಕೆಟ್ ಕೇಳಬೇಡಿ" ಅಂದರು. ಆಗಲಿ ಅಂದೆ.

ವಾಣಿಶ್ರೀ ಕಾಗದ ಓದಿದಳು. ಮಡಿಚಿ ನನ್ನ ಕೈಗೆ ಕೊಟ್ಟಳು. "ಬಸ್ಸಿನ ಬುಕಿಂಗ್ ಐತಲ್ಲ" ಅಂದಳು ಆಮೇಲೆ.

೧೩ ಸೆಪ್ಟೆಂಬರ್, ಭಾನುವಾರ

ಕಡರನಾಯಕನಹಳ್ಳಿಗೆ ಹೋದೆ. ಸುಧಾ ನನಗಿಂತ ಮುಂಚೆ ಬಂದು ಕಟ್ಟೆಯ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಚೀಲ. ಒಳಗೆ ಹೋಗಿರಲಿಲ್ಲ. "ನೀವು ಓದಿ ಮುಗಿಸಿದ ಮೇಲೆ ಮೂರರ ಬಸ್ಸಿಗೆ ನಾನೂ ವಾಪಸ್" ಅಂದಳು.

ಸಣ್ಣತಿಮ್ಮಪ್ಪನವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ನೋಡದ ಈ ನಾಲ್ಕು ವಾರದಲ್ಲಿ ಇನ್ನೊಬ್ಬರೇ ಆಗಿದ್ದಾರೆ. ಕೂದಲು ಬೆಳ್ಳಗೆ ಮೊಳೆತಿದೆ. ಅವರ ಹೆಂಡತಿ ಉಚ್ಚೆಂಗೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗೋಡೆಯ ಮೇಲೆ ಅಶ್ವಥನ ಫೋಟೊ, ಕಾರ್ಖಾನೆಯ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿದ್ದು.

ಓದಿದೆ. ದೊಡ್ಡ ಕಾಗದವೇನಲ್ಲ. "ಯಾವ ವಿಮಾನ ಭದ್ರವೆಂದು ಸಣ್ಣತಿಮ್ಮಪ್ಪನವರು ನನ್ನನ್ನು ಕೇಳಿದರು. ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ಉತ್ತರ ಕೊಟ್ಟೆ. ಅವರು ನನ್ನ ಮಾತು ನಂಬಿ ಟಿಕೆಟ್ ಬದಲಾಯಿಸಿದರು. ಈ ತೀರ್ಮಾನ ನನ್ನ ಮಾತಿನಿಂದ ಆದದ್ದು, ಅವರ ತಪ್ಪಿನಿಂದ ಅಲ್ಲ." ಆಮೇಲೆ ಲೆಕ್ಕ. ಕೆಳಗೆ ನನ್ನ ಸಹಿ.

ಓದಿ ಮುಗಿಸಿದೆ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಸಣ್ಣತಿಮ್ಮಪ್ಪನವರು ಗಂಟಲು ಸರಿಮಾಡಿಕೊಂಡರು. ಧ್ವನಿ ಒಡೆದಿತ್ತು.

"ಹಂಗಾದ್ರೆ ಯಾವುದು ಚಲೋ ಇತ್ತು?"

"ಯಾರಿಗೂ ಗೊತ್ತಿಲ್ಲ ಯಜಮಾನ್ರೆ. ಈಗಲೂ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಅವತ್ತೇ ಅಂದಿದ್ರೆ?"

"ನೀವು ಟಿಕೆಟ್ ಬದಲಿ ಮಾಡ್ಸ್ತಿರಲಿಲ್ಲ" ಅಂದೆ.

ಅವರು ತಲೆ ಆಡಿಸಿದರು. ಸಿಟ್ಟಿಲ್ಲ. ಬೇಸಾಯದ ವಿಷಯದಲ್ಲಿ ಯಾರೋ ಗೊತ್ತಿರುವುದನ್ನೇ ಹೇಳಿದಾಗ ಆಡಿಸುವ ಹಾಗೆ.

"ಮಾವ" ಅಂದಳು ಸುಧಾ ಹೊರಗಿನ ಕಟ್ಟೆಯಿಂದಲೇ. "ಕೇಳಿದ್ರಲ್ಲ. ತಪ್ಪು ನಿಮ್ದಲ್ಲ ಅಂತ ಬರ್ಕೊಟ್ಟಾರ."

"ಕೇಳ್ದೆನವ್ವ. ಆದ್ರೂ ಅಂಗಡೀತಂಕ ಹೋಗಿ ಕೇಳ್ದೋನು ನಾನು. ಅವನು ಸುಮ್ನಿರು ಸುಮ್ನಿರು ಅಂತಿದ್ದ. ನಾನು ಸುಮ್ನಿರಲಿಲ್ಲ." ಅಷ್ಟು ಹೇಳಿ ಅಳತೊಡಗಿದರು. ಈ ಎರಡು ತಿಂಗಳಲ್ಲಿ ಇದೇ ಮೊದಲಂತೆ. ಉಚ್ಚೆಂಗೆಮ್ಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು, ಹತ್ತಿರ ಬರಲಿಲ್ಲ. ಸುಧಾ ಎದ್ದು ಬಂದು ಮಗುವನ್ನು ಮಾವನ ಮುಂದೆ ಇಳಿಸಿ, ಅಲ್ಲೇ ನೆಲದ ಮೇಲೆ ಕೂತಳು. ಮಗು ತಾತನನ್ನು ನೋಡಿ ಹೆದರಿ ತಾನೂ ಅಳತೊಡಗಿತು.

ಕಾಗದವನ್ನು ಮಡಿಚಿ ಗೋಡೆಯ ಗೂಡಿನಲ್ಲಿಟ್ಟು ಎದ್ದೆ. ಉಚ್ಚೆಂಗೆಮ್ಮ ಒಳಗಿನಿಂದ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟರು.

"ಉಣ್ಣೋ ಹೊತ್ತಿಗೆ ಬಂದೀರಿ. ನಿಮಗೆ ಉಣ್ಣಾಕ ಇಕ್ಕಾಕ ನನ್ನ ಕೈಲಿ ಆಗಂಗಿಲ್ಲ. ನೀರು ಕುಡ್ದು ಹೋಗ್ರಿ. ಮತ್ತೆ ಬರಬ್ಯಾಡ್ರಿ."

ಕುಡಿದೆ.

ಮೂರರ ಬಸ್ಸು ಬಂದು ಹತ್ತು ನಿಮಿಷ ನಿಂತಿತ್ತು. ಕಂಡಕ್ಟರ್ ಇನ್ನೂ ಯಾರಾದರೂ ಬರುವವರಿದ್ದಾರಾ ಅಂತ ಕೇಳಿದ. ಆ ಮನೆಯ ಕಡೆ ನೋಡಿದೆ. ಕಟ್ಟೆಯ ಮೇಲಿದ್ದ ಚೀಲ ಅಲ್ಲಿರಲಿಲ್ಲ, ಯಾರೋ ಒಳಗೆ ತೆಗೆದುಕೊಂಡು ಹೋಗಿದ್ದರು. ಯಾರೂ ಇಲ್ಲ, ಬಿಡ್ರಿ ಅಂದೆ.